ಟೊಳ್ಳು ಸಿಲಿಕಾ ಕಣ ಹೇಗೆ ತಯಾರಾಗುತ್ತದೆ? 'ನ್ಯಾನೊ ಸಿಲಿಕಾ' ಬಾಟಲಿ ಕೊಳ್ಳುವ ಮುನ್ನ ಓದಿ



ಹೋದ ಮುಂಗಾರಿನಲ್ಲಿ ಕೆಂಭಾವಿ ರಸ್ತೆ ಕಡೆಯ ಹಿರಿಯರೊಬ್ಬರು ಸುರಪುರದ ನಮ್ಮ ಮನೆಗೆ ಬಂದರು. ದೂರದ ಸಂಬಂಧ, ನಾನು ಅವರಿಗೆ ಕಾಕಾ ಅನ್ನೋದು. ಒಂದು ಕೈಯಲ್ಲಿ ಅರ್ಧ ಲೀಟರಿನ ಬಾಟಲಿ, ಇನ್ನೊಂದು ಕೈಯಲ್ಲಿ ಭತ್ತದ ನಾಲ್ಕು ಎಲೆ. ಕೂಡ್ರಿಸಿ ನೀರು ಕೊಡೋದರೊಳಗೇ ಶುರು ಮಾಡಿದರು.

"ತಮ್ಮಾ, ನ್ಯಾನೊ ಸಿಲಿಕಾ ಅಂತ ಕೊಟ್ಟಾರ. ಬೆಂಕಿ ರೋಗ ಬರಂಗಿಲ್ಲ, ಕಾಂಡ ಗಟ್ಟಿ ಆಗ್ತದ, ಇದರಾಗ ಟೊಳ್ಳು ಕಣ ಅದಾವ, ಅವುಗಳ ಹೊಟ್ಟಿ ಒಳಗ ಔಷಧಿ ತುಂಬ್ಯಾರ ಅಂದ್ರು. ಹೊಡದ ಮೂರನೇ ದಿನಕ್ಕ ಎಲಿ ತುದಿ ಸುಟ್ಟಾವ ನೋಡು."

ನಾಲ್ಕು ಎಕರೆಗೆ ನಾಲ್ಕು ಬಾಟಲಿ. 3600 ರೂಪಾಯಿ, ಅದೂ ಉದ್ರಿ. ಬಾಟಲಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಪಿಎಚ್ ನೋಡುವ ಕಾಗದದ ಪಟ್ಟಿ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಅದ್ದಿ ತೆಗೆದರೆ ಕಡು ನೀಲಿಗೆ ತಿರುಗಿತು, 11ರ ಆಸುಪಾಸು. ಅಷ್ಟು ಕ್ಷಾರದ ದ್ರವವನ್ನು ಸರಿಯಾಗಿ ತೆಳುವು ಮಾಡದೆ, ಮತ್ತೊಂದು ಎಣ್ಣೆಯ ಜೊತೆ ಕೂಡಿಸಿ, ಬಿಸಿಲೊತ್ತಿನಲ್ಲಿ ಹೊಡೆದರೆ ಎಲೆ ತುದಿ ಸುಡದೆ ಇನ್ನೇನಾಗುತ್ತದೆ? ನನ್ನ ಅಂದಾಜಿನ ಪ್ರಕಾರ ಅದರಲ್ಲಿದ್ದದ್ದು ಸೋಡಿಯಂ ಸಿಲಿಕೇಟಿನ ದ್ರಾವಣ. ರಟ್ಟಿನ ಡಬ್ಬಿ ಅಂಟಿಸಲು, ಸೋಪಿನ ಪುಡಿಗೆ ಬೆರೆಸಲು ಬಳಸುವ ವಸ್ತು ಅದು.

ಆದರೆ ಕಾಕಾ ಹೇಳಿದ 'ಟೊಳ್ಳು ಕಣ' ಅನ್ನೋದು ಪೂರ್ತಿ ಕಟ್ಟುಕಥೆ ಅಲ್ಲ. ಅಂಥ ಕಣ ನಿಜವಾಗಿ ಇವೆ, ಪ್ರಯೋಗಾಲಯಗಳಲ್ಲಿ ತಯಾರಾಗುತ್ತವೆ, ಕೃಷಿಗೆ ಉಪಯೋಗ ಆಗಬಹುದು ಅನ್ನೋದಕ್ಕೆ ಆಧಾರವೂ ಇದೆ. ಅದನ್ನು ಹೆಂಗ ಮಾಡ್ತಾರ ಅಂತ ಒಮ್ಮೆ ತಿಳಿದರೆ, 900 ರೂಪಾಯಿಯ ಬಾಟಲಿಯಲ್ಲಿ ಅದು ಇರೋದು ಸಾಧ್ಯವೋ ಇಲ್ಲವೋ ಅಂತ ನೀವೇ ಲೆಕ್ಕ ಹಾಕಬಹುದು. ಈ ವಾರದ ಲೇಖನ ಅದರ ಮೇಲೆ. ಸ್ವಲ್ಪ ರಸಾಯನಶಾಸ್ತ್ರ ಬರುತ್ತದೆ, ಬೇಸರ ಮಾಡ್ಕೋಬ್ಯಾಡ್ರಿ.

ಸಿಲಿಕಾ ಅಂದರೆ ಉಸುಕು, ಭತ್ತಕ್ಕೆ ಅದು ಊಟ

ಸಿಲಿಕಾ ಹೊಸ ವಸ್ತು ಅಲ್ಲ. ಕೃಷ್ಣಾ ನದಿಯ ಉಸುಕಿನಲ್ಲಿ ಬಹುಪಾಲು ಅದೇ, ಕಿಟಕಿ ಗಾಜಿನಲ್ಲೂ ಅದೇ. ನೆಲದ ನೀರಿನಲ್ಲಿ ಅತಿ ಸ್ವಲ್ಪ ಕರಗಿ ಸಿಲಿಸಿಕ್ ಆಮ್ಲ ಆಗಿರುತ್ತದೆ, ಭತ್ತದ ಬೇರು ಅದನ್ನು ಬಾಯಾರಿದವರಂತೆ ಹೀರುತ್ತದೆ. ಬೇರಿನ ಯಾವ ಬಾಗಿಲಿನಿಂದ ಅದು ಒಳಗೆ ಹೋಗುತ್ತದೆ ಅನ್ನೋದನ್ನ 2006ರಲ್ಲಿ ಜಪಾನಿನ ಒಕಾಯಾಮ ವಿಶ್ವವಿದ್ಯಾಲಯದ ಜಿಯಾನ್ ಫೆಂಗ್ ಮಾ ಮತ್ತು ಸಂಗಡಿಗರು ಕಂಡುಹಿಡಿದರು. ಒಂದು ಟನ್ ಭತ್ತ ಬೆಳೆಯಲು ಬೆಳೆ ಸುಮಾರು 80 ಕೆಜಿ ಸಿಲಿಕಾನ್ ಎತ್ತುತ್ತದೆ. ಎಕರೆಗೆ 25 ಕ್ವಿಂಟಾಲ್ ಬಂದರೆ 200 ಕೆಜಿ ಆಯಿತು. ಯೂರಿಯಾ, ಡಿಎಪಿ, ಪೊಟ್ಯಾಷ್ ಚೀಲಗಳ ಲೆಕ್ಕ ಬರೆದಿಡುವ ನಾವು ಇದರ ಲೆಕ್ಕ ಇಡೋದೇ ಇಲ್ಲ.

ಸಿಲಿಕಾನ್ ಸಾಕಷ್ಟು ಸಿಕ್ಕ ಭತ್ತದ ಎಲೆ ನೆಟ್ಟಗೆ ನಿಲ್ಲುತ್ತದೆ, ಬೆಂಕಿ ರೋಗ ಕಡಿಮೆ ಆಗುತ್ತದೆ, ಕಾಂಡ ಕೊರೆಯುವ ಹುಳುವಿಗೆ ಕಡಿಯೋದು ಕಷ್ಟವಾಗುತ್ತದೆ. ಇದು ಹಳೆಯ ಸಂಗತಿ. ಜಪಾನ್ 1955ರಲ್ಲೇ ಸಿಲಿಕೇಟನ್ನು ಭತ್ತದ ಗೊಬ್ಬರವೆಂದು ಒಪ್ಪಿಕೊಂಡಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಕೃಷಿಯಲ್ಲಿ ಸಿಲಿಕಾನ್ ಕುರಿತ ಏಳನೇ ಅಂತರರಾಷ್ಟ್ರೀಯ ಸಮ್ಮೇಳನ 2017ರಲ್ಲಿ ಬೆಂಗಳೂರಿನಲ್ಲೇ ನಡೆಯಿತು.

ಈಗ ಅರ್ಧ ಲೀಟರ್ ಬಾಟಲಿಗೆ ಬನ್ನಿ. ಅದರಲ್ಲಿ ಶೇ 20ರಷ್ಟು ಸಿಲಿಕಾ ಇದ್ದರೂ 100 ಗ್ರಾಂ ಚಿಲ್ಲರೆ ಆಗುತ್ತದೆ. ಅದರೊಳಗಿನ ಸಿಲಿಕಾನ್ 50 ಗ್ರಾಂ ಸುತ್ತಮುತ್ತ. ಬೆಳೆಗೆ ಬೇಕಾದದ್ದು 200 ಕೆಜಿ. ಊಟ ಅಂತ ನೋಡಿದರೆ ಇದು ಆನೆ ಬಾಯಿಗೆ ಕಡಲಿಕಾಳು. ಹಂಗಾದ್ರ ನ್ಯಾನೊ ಸಿಲಿಕಾಕ್ಕೆ ಬೆಲೆ ಬರೋದು ಯಾವುದರಿಂದ? ಅದು ಊಟ ಆಗಿ ಅಲ್ಲ, ಪಾತ್ರೆ ಆಗಿ. ಒಳಗೆ ಔಷಧಿ ತುಂಬಬಹುದಾದ ಗಾಜಿನ ಗಡಿಗೆ ಅದು.

ಗಡಿಗೆಯ ಲೆಕ್ಕ

ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ನಾವು ಮಾತಾಡುತ್ತಿರೋದು 100 ನ್ಯಾನೊಮೀಟರ್ ಅಗಲದ ಗೋಲಿ. ತಲೆಗೂದಲಿನ ದಪ್ಪದಲ್ಲಿ ಇಂಥವನ್ನು ಸಾಲಾಗಿ ಇಟ್ಟರೆ ಸುಮಾರು ಎಂಟು ನೂರು ಹಿಡಿಸುತ್ತವೆ.

ಗೋಲಿ ಗಟ್ಟಿಯಾಗಿದ್ದರೆ ಔಷಧಿ ಅದರ ಮೈಗೆ ಮಾತ್ರ ಅಂಟುತ್ತದೆ, ಮಳೆ ಬಂದರೆ ತೊಳೆದು ಹೋಗುತ್ತದೆ. ಟೊಳ್ಳಾಗಿದ್ದರೆ ಕಥೆ ಬೇರೆ. 100 ನ್ಯಾನೊಮೀಟರಿನ ಗೋಲಿಗೆ ಗೋಡೆ 15 ನ್ಯಾನೊಮೀಟರ್ ದಪ್ಪ ಇದ್ದರೆ ಒಳಗೆ ಮೂರನೇ ಒಂದು ಭಾಗ ಖಾಲಿ ಜಾಗ. ಗೋಡೆ 10 ಆದರೆ ಅರ್ಧ ಖಾಲಿ. 5 ಆದರೆ ಮುಕ್ಕಾಲು ಹತ್ತಿರ. ಗೋಡೆ ತೆಳುವಾದಷ್ಟೂ ಹೆಚ್ಚು ಹಿಡಿಸುತ್ತದೆ, ಆದರೆ ಅಷ್ಟೇ ಬೇಗ ಸೋರುತ್ತದೆ, ಒಡೆಯುತ್ತದೆ. ಈ ಎರಡರ ನಡುವೆ ಸರಿದೂಗಿಸೋದೇ ಇಲ್ಲಿಯ ಕಸುಬು.

ನಮ್ಮ ಭತ್ತಕ್ಕೆ ಹತ್ತಿರದ ಉದಾಹರಣೆ ಒಂದಿದೆ. ತೆಂಡೆಯ ಬುಡದಲ್ಲಿ, ಎಲೆ ಕವಚದ ಮೇಲೆ, ಹಾವಿನ ಮೈಯಂಥ ಮಚ್ಚೆ ಬರುವ ರೋಗಕ್ಕೆ ವ್ಯಾಲಿಡಾಮೈಸಿನ್ ಹೊಡೆಯುತ್ತೇವಲ್ಲ, ಅದು ನೀರಿನಲ್ಲಿ ಸರಾಗ ಕರಗುವ ಔಷಧಿ. 2006ರಲ್ಲಿ ಚೀನಾದ ಬೀಜಿಂಗಿನ ಸಂಶೋಧಕರು ಅದನ್ನು ರಂಧ್ರಗಳಿರುವ ಟೊಳ್ಳು ಸಿಲಿಕಾ ಕಣಗಳಲ್ಲಿ ತುಂಬಿಸಿದರು. ತೂಕದಲ್ಲಿ ಸುಮಾರು ಶೇ 36 ಹಿಡಿಸಿತು, ನಿಧಾನಕ್ಕೆ ಹೊರಗೆ ಬಂತು. ಅದೇ ಗುಂಪಿನವರು ಅವರ್ಮೆಕ್ಟಿನ್ ಎಂಬ ಕೀಟನಾಶಕವನ್ನೂ ತುಂಬಿದರು, ಅದು ಶೇ 63ರಷ್ಟು ಹಿಡಿಸಿತು. ಅವರ್ಮೆಕ್ಟಿನ್ ಬಿಸಿಲಿಗೆ ಬೇಗ ಕೆಡುವಂಥದ್ದು. ಸಿಲಿಕಾ ಗೋಡೆ ಅದಕ್ಕೆ ಬಿಸಿಲಿನಿಂದ ಕೊಡೆ ಹಿಡಿಯಿತು. ಯಾದಗಿರಿಯ ಬಿಸಿಲು ಕಂಡವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಅಚ್ಚು ಮೊದಲು, ಗಡಿಗೆ ಆಮೇಲೆ

ಇಷ್ಟು ಸಣ್ಣ ಗಡಿಗೆಯನ್ನು ಯಾವ ಕುಂಬಾರನೂ ತಿಗರಿ ಮೇಲೆ ತಿರುಗಿಸಲಾರ. ಆದರೆ ಕಂಚಿನ ಮೂರ್ತಿ ಮಾಡುವವರ ಉಪಾಯ ಇಲ್ಲಿ ನಡೆಯುತ್ತದೆ. ಅವರು ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ, ಬಿಸಿ ಮಾಡಿ ಮೇಣ ಹರಿಸಿಬಿಡುತ್ತಾರೆ. ಒಳಗೆ ಖಾಲಿ ಜಾಗ ಉಳಿಯುತ್ತದೆ. ಇಲ್ಲಿ ಮೇಣದ ಬದಲು ಪ್ಲಾಸ್ಟಿಕ್, ಮಣ್ಣಿನ ಬದಲು ಸಿಲಿಕಾ.

ಅಚ್ಚಿಗೆ ಹೆಚ್ಚಾಗಿ ಬಳಸೋದು ಪಾಲಿಸ್ಟೈರೀನ್, ನಮ್ಮ ಥರ್ಮಾಕೋಲ್ ಆಗುವುದು ಅದರಿಂದಲೇ. ಸ್ಟೈರೀನ್ ಎಂಬ ದ್ರವವನ್ನು ನೀರಿನಲ್ಲಿ ಕಲಕುತ್ತಾ, ಗಾಳಿಯ ಬದಲು ಸಾರಜನಕ ಹಾಯಿಸುತ್ತಾ, 70 ಡಿಗ್ರಿ ಸೆಲ್ಸಿಯಸ್ ಸುತ್ತ ಕಾಯಿಸಿ, ಪೊಟ್ಯಾಸಿಯಂ ಪರ್‌ಸಲ್ಫೇಟಿನಂಥ ಒಂದು ಹೆಪ್ಪು ಹಾಕುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂಗ ತಾಸುಗಟ್ಟಲೆ ಕಾಯಬೇಕು. ಕೊನೆಗೆ ಹಾಲಿನಂಥದೇ ಬಿಳಿ ದ್ರವ ಸಿಗುತ್ತದೆ, ಅದರ ತುಂಬ ಒಂದೇ ಅಳತೆಯ ಪ್ಲಾಸ್ಟಿಕ್ ಗೋಲಿಗಳು. ಒಂದೇ ಅಳತೆ ಅನ್ನೋದು ಮುಖ್ಯ. ಅಚ್ಚು ಹೆಂಗೋ ಗಡಿಗೆ ಹಂಗೆ.

ಮುಂದಿನ ಹೆಜ್ಜೆ ಲೇಪನ. 1968ರಲ್ಲಿ ಜರ್ಮನಿಯ ವರ್ನರ್ ಸ್ಟೋಬರ್ ಮತ್ತು ಸಂಗಡಿಗರು ತೋರಿಸಿದ ವಿಧಾನವೇ ಇವತ್ತಿಗೂ ತಳಪಾಯ. ಟೆಟ್ರಾಈಥೈಲ್ ಆರ್ಥೋಸಿಲಿಕೇಟ್ ಎಂಬ ದ್ರವವನ್ನು ಮದ್ಯಸಾರ, ನೀರು, ಅಮೋನಿಯಾ ಇರುವ ಪಾತ್ರೆಗೆ ಬಿಡುತ್ತಾರೆ. ನೀರು ತಗುಲಿದಾಗ ಅದು ಒಡೆದು ಸಿಲಿಸಿಕ್ ಆಮ್ಲ ಆಗುತ್ತದೆ, ಆಮೇಲೆ ಒಂದಕ್ಕೊಂದು ಕೈ ಹಿಡಿದು ಸಿಲಿಕಾ ಆಗುತ್ತದೆ. ಪಾತ್ರೆಯಲ್ಲಿ ಪ್ಲಾಸ್ಟಿಕ್ ಗೋಲಿಗಳಿದ್ದರೆ ಸಿಲಿಕಾ ಅವುಗಳ ಮೈಮೇಲೆ ಕೂಡುತ್ತದೆ. ಸುಮ್ಮನೆ ಕೂಡೋದಿಲ್ಲ ಮಾತ್ರ. ಕ್ಷಾರದ ನೀರಿನಲ್ಲಿ ಸಿಲಿಕಾದ ಮೈಗೆ ಋಣ ವಿದ್ಯುತ್ ಇರುತ್ತದೆ, ಆದ್ದರಿಂದ ಗೋಲಿಯ ಮೈಗೆ ಮೊದಲೇ ಧನ ವಿದ್ಯುತ್ ಕೊಟ್ಟಿರಬೇಕು, ಇಲ್ಲವೇ ಅಂಟಿನಂಥ ಇನ್ನೊಂದು ಪಾಲಿಮರ್ ಸವರಿರಬೇಕು.

ಇಲ್ಲಿ ಅವಸರ ನಡೆಯೋದಿಲ್ಲ. ಸಿಲಿಕೇಟನ್ನು ಹನಿ ಹನಿಯಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ಅದು ಅಚ್ಚಿಗೆ ಅಂಟೋದು ಬಿಟ್ಟು ತನ್ನಷ್ಟಕ್ಕೆ ತಾನೇ ಗಟ್ಟಿ ಗೋಲಿ ಕಟ್ಟಿಕೊಳ್ಳುತ್ತದೆ. ಕಡೆಗೆ ಬರೋದು ಒಂದಿಷ್ಟು ಲೇಪನ ಆದ ಗೋಲಿ, ಉಳಿದದ್ದು ಬರೀ ಉಸುಕಿನ ಪುಡಿ.

ಕೊನೆಗೆ ಅಚ್ಚು ತೆಗೆಯಬೇಕು. ಒಲೆಯಲ್ಲಿಟ್ಟು ನಿಧಾನಕ್ಕೆ 500–550 ಡಿಗ್ರಿಗೆ ಏರಿಸಿ ತಾಸುಗಟ್ಟಲೆ ಸುಟ್ಟರೆ ಪ್ಲಾಸ್ಟಿಕ್ ಹೊಗೆಯಾಗಿ ಗೋಡೆಯ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಉರಿ ಜೋರಾದರೆ ಒಳಗಿನ ಹೊಗೆ ಗೋಡೆಯನ್ನೇ ಸೀಳುತ್ತದೆ. ಉಬ್ಬಿದ ರೊಟ್ಟಿ ಒಂದು ಕಡೆ ಹರಿದು ಉಗಿ ಬಿಡೋದು ನೆನಪು ಮಾಡ್ಕೊಳ್ರಿ. ಸುಡೋದು ಬೇಡ ಅಂದರೆ ಟಾಲೀನ್‌ನಂಥ ದ್ರಾವಕದಲ್ಲಿ ಪ್ಲಾಸ್ಟಿಕ್ ಕರಗಿಸಿ ತೆಗೆಯಬಹುದು. ಪಾಲಿಅಕ್ರಿಲಿಕ್ ಆಮ್ಲದ ಅಚ್ಚು ಬಳಸಿದರೆ ಇನ್ನೂ ಸುಲಭ, ನೀರಿನಲ್ಲಿ ತೊಳೆದರೆ ಸಾಕು. ಮೇಲೆ ಹೇಳಿದ ಚೀನಾದವರ ಅಚ್ಚು ಪ್ಲಾಸ್ಟಿಕ್ ಅಲ್ಲ, ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣಕಲ್ಲಿನ ನಯವಾದ ಪುಡಿ. ಅದನ್ನು ಆಮ್ಲದಲ್ಲಿ ಕರಗಿಸಿದರು. ಖರ್ಚು ಇಳಿಸುವ ದಾರಿ ಅದು.

ಶೇಂಗಾಕಾಯಿ ಆಕಾರದ ಅಚ್ಚು

ದುಂಡು ಗಡಿಗೆ ಆಯಿತು. ಆದರೆ ದುಂಡು ಗೋಲಿಯ ಔಷಧಿ ಎಲ್ಲಾ ಕಡೆಯಿಂದ ಒಂದೇ ಸಮ ಸೋರುತ್ತದೆ. ಒಂದು ಕಡೆ ಬಾಯಿ ಇರುವ, ಅಥವಾ ಎರಡು ಬದಿಗೆ ಎರಡು ಗುಣ ಇರುವ ಕಣ ಮಾಡಿದರೆ? ಬಾಯಿಗೆ ಮುಚ್ಚಳ ಹಾಕಬಹುದು, ಒಂದು ಬದಿ ಎಲೆಯ ಮೇಣಕ್ಕೆ ಅಂಟಿ ಇನ್ನೊಂದು ಬದಿ ಹೊರಗೆ ನೋಡುವಂತೆ ಮಾಡಬಹುದು. ಎರಡು ಮುಖದ ಇಂಥ ಕಣಗಳ ಬಗ್ಗೆ ಫ್ರಾನ್ಸಿನ ಭೌತಶಾಸ್ತ್ರಜ್ಞ ಪಿಯರ್ ಜಿಲ್ ದ ಜೆನ್ 1991ರ ತಮ್ಮ ನೊಬೆಲ್ ಭಾಷಣದಲ್ಲೇ ಮಾತಾಡಿದ್ದರು.

ಅಚ್ಚು ಒಂದು ಕಡೆ ವಾಲಿದರೆ ಗಡಿಗೆಯೂ ವಾಲುತ್ತದೆ. ಅದಕ್ಕೆ ಮಾಡುವ ಉಪಾಯ ನನಗೆ ಬಹಳ ಹಿಡಿಸಿತು. ಮೊದಲು ಪಾಲಿಸ್ಟೈರೀನ್ ಗೋಲಿ ಮಾಡುವಾಗಲೇ ಅದರ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಿ ಬಲೆಯಂತೆ ಮಾಡುತ್ತಾರೆ. ಆ ಗೋಲಿಗೆ ಮತ್ತಷ್ಟು ಸ್ಟೈರೀನ್ ಕುಡಿಸುತ್ತಾರೆ, ನೆನೆಸಿದ ಕಡಲೆಯಂತೆ ಅದು ಉಬ್ಬುತ್ತದೆ. ಆಮೇಲೆ ಕಾಯಿಸಿದರೆ ಹಿಗ್ಗಿದ ಬಲೆ ಮತ್ತೆ ಕುಗ್ಗಲು ನೋಡುತ್ತದೆ, ಕುಡಿದ ಸ್ಟೈರೀನನ್ನು ಹಿಂಡಿ ಒಂದು ಪಕ್ಕಕ್ಕೆ ದಬ್ಬುತ್ತದೆ. ಪಕ್ಕದಲ್ಲಿ ಒಂದು ಗುಬುಟು ಏಳುತ್ತದೆ, ಅದೂ ಅಲ್ಲೇ ಗಟ್ಟಿಯಾಗುತ್ತದೆ. ಈಗ ಅಚ್ಚು ದುಂಡಗಿಲ್ಲ, ಎರಡು ಕಾಳಿನ ಶೇಂಗಾಕಾಯಿಯಂತಿದೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದವರು ಇದನ್ನು 1990ರಲ್ಲೇ ವಿವರಿಸಿದ್ದಾರೆ.

ಈ ಶೇಂಗಾಕಾಯಿಯ ಎರಡೂ ಗುಬುಟಿಗೆ ಸಿಲಿಕಾ ಕೂತರೆ ಒಳಗೆ ಟೊಳ್ಳಾದ ಶೇಂಗಾ ಸಿಪ್ಪೆ ಸಿಗುತ್ತದೆ. ಒಂದೇ ಗುಬುಟಿನ ಮೈಗೆ ಸಿಲಿಕಾ ಹಿಡಿಯುವ ಗುಣ ಕೊಟ್ಟರೆ ಅಲ್ಲಿ ಮಾತ್ರ ಲೇಪನ ಆಗುತ್ತದೆ, ಅಚ್ಚು ತೆಗೆದಾಗ ಬಾಯಿ ತೆರೆದ ಗಡಿಗೆ ಉಳಿಯುತ್ತದೆ. ಇದೆಲ್ಲ ಇನ್ನೂ ಪ್ರಯೋಗಾಲಯದ ಮಾತು. ಒಂದು ಸಲಕ್ಕೆ ತಯಾರಾಗೋದು ಗ್ರಾಂ ಲೆಕ್ಕದಲ್ಲಿ, ನೋಡಬೇಕಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಇಷ್ಟು ದುಬಾರಿ ರಾಸಾಯನಿಕ, ಇಷ್ಟು ತಾಸು, ಇಷ್ಟು ತೊಳೆಯೋದು, ಸುಡೋದು. ಇದನ್ನು 900 ರೂಪಾಯಿಗೆ, ಸೇಲ್ಸ್‌ಮನ್ ಕಮಿಷನ್ ಸೇರಿಸಿ, ಯಾರು ಕೊಡ್ತಾರ ಹೇಳ್ರಿ?

ಗದ್ದೆಯಲ್ಲೇ ನಡೆಯುತ್ತಿರುವ ಅದೇ ಕೆಲಸ

ಇದನ್ನೆಲ್ಲ ಓದುವಾಗ ನನಗೆ ಹೊಳೆದದ್ದು ಬೇರೆ. ಅಚ್ಚಿನ ಮೇಲೆ ಸಿಲಿಕಾ ಕೂಡಿಸೋದನ್ನ ಭತ್ತದ ಗಿಡ ದಿನಾ ಮಾಡುತ್ತಿದೆ. ಬೇರು ಹೀರಿದ ಸಿಲಿಸಿಕ್ ಆಮ್ಲ ಎಲೆಗೆ ಏರಿ, ನೀರು ಆವಿಯಾದ ಮೇಲೆ, ಎಲೆಯ ಜೀವಕೋಶಗಳ ಒಳಗೆ, ಗೋಡೆಗಳಲ್ಲಿ ಸಿಲಿಕಾ ಆಗಿ ಗಟ್ಟಿಯಾಗುತ್ತದೆ. ಜೀವಕೋಶವೇ ಅಚ್ಚು. ಎಲೆಯ ನರದ ಮೇಲೆ ಡಂಬೆಲ್ ಆಕಾರದ ಸಿಲಿಕಾ ತುಣುಕುಗಳು ಸಾಲಾಗಿ ಇರುತ್ತವೆ, ಬೇರೆ ಕೋಶಗಳಲ್ಲಿ ಬೀಸಣಿಗೆ ಆಕಾರದವು. ಎಲೆ ಕೊಳೆತು ಸಾವಿರಾರು ವರ್ಷ ಆದರೂ ಆ ಬೀಸಣಿಗೆಗಳು ಮಣ್ಣಿನಲ್ಲಿ ಉಳಿಯುತ್ತವೆ. ಪುರಾತತ್ವದವರು ಅವನ್ನು ನೋಡಿ 'ಇಲ್ಲಿ ಭತ್ತ ಬೆಳೆಯುತ್ತಿದ್ದರು' ಅಂತ ಗುರುತಿಸುತ್ತಾರೆ.

ಭತ್ತದ ಹೊಟ್ಟಿನಲ್ಲಿ ತೂಕದ ಐದನೇ ಒಂದು ಭಾಗ ಸಿಲಿಕಾ. ಹೊಟ್ಟನ್ನು ಸುಟ್ಟರೆ ಅಚ್ಚು ಸುಟ್ಟುಹೋಗಿ ಸಿಲಿಕಾದ ಎಲುಬುಗೂಡು ಉಳಿಯುತ್ತದೆ, ಪ್ರಯೋಗಾಲಯದ ಒಲೆಯಲ್ಲಿ ಆದಂಗೇ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇ 85ಕ್ಕಿಂತ ಹೆಚ್ಚು ಸಿಲಿಕಾ ಇರುತ್ತದೆ. ಇಲ್ಲಿಯೂ ಉರಿಯ ಮಾತು ಬರುತ್ತದೆ. ಸುಮಾರು 700 ಡಿಗ್ರಿಯ ಒಳಗೆ ಸುಟ್ಟರೆ ಸಿಲಿಕಾ ಹರಳುಗಟ್ಟದೆ ರಂಧ್ರಗಳಿಂದ ತುಂಬಿರುತ್ತದೆ, ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿ ಬೆಳೆಗೆ ಸಿಗುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ ಹರಳುಗಟ್ಟುತ್ತದೆ. ಆಗ ಬೆಳೆಗೂ ಉಪಯೋಗ ಕಡಿಮೆ, ಅದರ ದೂಳು ನಮ್ಮ ಪುಪ್ಪಸಕ್ಕೂ ಕೆಟ್ಟದ್ದು. ಬೂದಿ ಎರಚುವಾಗ ಯಾವುದೇ ಇರಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಬೂದಿಗೆ ನೀರು ಚಿಮುಕಿಸಿ.

ಹೊಟ್ಟು ಸುಡುವಾಗ ಧಗಧಗ ಉರಿ ಹಚ್ಚಬೇಡಿ. ಗುಡ್ಡೆ ಹಾಕಿ, ಒಳಗಿಂದ ಹೊಗೆಯಾಡುತ್ತಾ ನಿಧಾನ ಬೇಯುವಂತೆ ಬಿಡಿ. ಬೂದಿ ಕಪ್ಪು ಬೂದು ಬಣ್ಣ ಇದ್ದು ಹಗುರಾಗಿ ಪುಡಿಯಾದರೆ ಒಳ್ಳೆಯದು. ರೈಸ್ ಮಿಲ್ಲಿನ ಬಾಯ್ಲರಿನಿಂದ ತಂದರೆ ಗಟ್ಟಿ ಹೆಂಟೆಯಾದದ್ದನ್ನು ಬಿಟ್ಟು ಹಗುರಾದದ್ದನ್ನು ಆರಿಸಿ.

ನಾನು ನನ್ನ ಗದ್ದೆಗೆ ನಾಟಿಗೆ ಮುಂಚೆ ರೊಳ್ಳಿ ಹೊಡೆಯುವಾಗ ಎಕರೆಗೆ 8 ಕ್ವಿಂಟಾಲ್ ಬೂದಿ ಹಾಕುತ್ತೇನೆ. ಅದರ ಸಿಲಿಕಾ ಎಲ್ಲವೂ ಆ ವರ್ಷವೇ ಬೆಳೆಗೆ ಸಿಗೋದಿಲ್ಲ, ಸ್ವಲ್ಪ ಮಾತ್ರ. ಆದರೂ ಲೆಕ್ಕ ಕ್ವಿಂಟಾಲಿನಲ್ಲಿ ನಡೆಯುತ್ತದೆ, ಗ್ರಾಂನಲ್ಲಿ ಅಲ್ಲ. ಬೂದಿ ಕ್ಷಾರ ಗುಣದ್ದು; ಚೌಳು ಹಿಡಿದ ಎರೆ ನೆಲಕ್ಕೆ ಇದನ್ನು ಹಾಕಬೇಡಿ. ಎರೆಯಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಇರುತ್ತದೆ, ಮಸಾರಿ ನೆಲದಲ್ಲಿ ಕಡಿಮೆ. ಬೂದಿಯ ಲಾಭ ಎದ್ದು ಕಾಣೋದು ಮಸಾರಿಯಲ್ಲೇ.

ಇದಕ್ಕಿಂತ ಸಸ್ತಾ ಉಪಾಯ ಹುಲ್ಲು. ಬೆಳೆ ಎತ್ತಿದ ಸಿಲಿಕಾನಿನಲ್ಲಿ ನೂರಕ್ಕೆ 80 ಪಾಲು ಹುಲ್ಲಿನಲ್ಲೇ ಉಳಿದಿರುತ್ತದೆ. ದನಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಗದ್ದೆಗೇ ಮುಗ್ಗಲು ಬಿಟ್ಟರೆ ಅದು ಹೊರಗೆ ಹೋಗೋದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಕೆಳಗೆ ವರ್ಷಕ್ಕೆ ಎರಡು ಸಲ ಭತ್ತ ಹಚ್ಚುವವರು ಇದನ್ನ ಯೋಚನೆ ಮಾಡಲೇಬೇಕು. (ಕಾಗದದ ಮೇಲೆ ಆ ಕಾಲುವೆ ಭತ್ತಕ್ಕಲ್ಲ ಅನ್ನೋದು ಬೇರೆ ಜಗಳ, ಅದನ್ನು ಇನ್ನೊಂದು ವಾರ ನೋಡೋಣ.) ಹತ್ತಿ, ತೊಗರಿ ಬೆಳೆಯುವವರಿಗೆ ಒಂದು ಮಾತು: ಈ ಬೆಳೆಗಳು ಭತ್ತದಂತೆ ಸಿಲಿಕಾನ್ ಎತ್ತೋದಿಲ್ಲ. 'ಭತ್ತಕ್ಕೆ ಆಗಿದೆ, ಹತ್ತಿಗೂ ಹೊಡೀರಿ' ಅಂದರೆ ನಂಬಬೇಡಿ.

ಅಂಗಡಿಯಲ್ಲಿ ನಿಂತಾಗ

ನ್ಯಾನೊ ಗೊಬ್ಬರಗಳಿಗೆ ಈಗ ಕಾನೂನು ಇದೆ. ಕೃಷಿಗೆ ಬರುವ ನ್ಯಾನೊ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. 2021ರಲ್ಲಿ ನ್ಯಾನೊ ಯೂರಿಯಾವನ್ನು ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದರು. ಆದ್ದರಿಂದ ಮಾರುವವರಿಗೆ ಕೇಳಿ: ಇದು ಯಾವ ಆದೇಶದ ಕೆಳಗೆ ನೋಂದಣಿ ಆಗಿದೆ? ಸಿಲಿಕಾ ಶೇಕಡಾ ಎಷ್ಟು? ಒಳಗೆ ಔಷಧಿ ತುಂಬಿದೆ ಅಂದರೆ ಯಾವ ಔಷಧಿ? ಕೀಟನಾಶಕ, ರೋಗನಾಶಕ ಇದ್ದರೆ ಅದಕ್ಕೆ ಕೀಟನಾಶಕ ಕಾಯ್ದೆಯ ನೋಂದಣಿ ಸಂಖ್ಯೆ ಬೇಕೇ ಬೇಕು. ಬಿಲ್ಲು ಬಿಡಬೇಡಿ.

ಮನೆಯಲ್ಲಿ ಮಾಡಬಹುದಾದ ಎರಡು ಪರೀಕ್ಷೆ ಇವೆ. ಬಾಟಲಿಯ ಒಂದಿಷ್ಟು ದ್ರವವನ್ನು ಗಾಜಿನ ಲೋಟದಲ್ಲಿ ರಾತ್ರಿ ಇಡಿ. ನಿಜವಾದ 100 ನ್ಯಾನೊಮೀಟರ್ ಕಣ ನೀರಿನಲ್ಲಿ ಒಂದು ದಿನಕ್ಕೆ ಅರ್ಧ ಮಿಲಿಮೀಟರಿನಷ್ಟು ಮಾತ್ರ ಕೆಳಗಿಳಿಯುತ್ತದೆ. ಬೆಳಗ್ಗೆ ತಳದಲ್ಲಿ ಬಿಳಿ ಹಿಟ್ಟು ಕೂತಿದ್ದರೆ ಅದು ನ್ಯಾನೊ ಆಗಿ ಉಳಿದಿಲ್ಲ. ಎರಡನೆಯದು ಪಿಎಚ್ ಕಾಗದ. 10 ದಾಟಿದರೆ ಅದನ್ನು ಬೇರೆ ಯಾವ ಎಣ್ಣೆಯ ಜೊತೆಗೂ ಕೂಡಿಸಬೇಡಿ. ಬಹಳಷ್ಟು ಕೀಟನಾಶಕಗಳು ಅಷ್ಟು ಕ್ಷಾರದಲ್ಲಿ ಕೆಟ್ಟುಹೋಗುತ್ತವೆ. ದ್ರವ ತಿಳಿಯಾಗಿದೆ, ಏನೂ ಕೂತಿಲ್ಲ ಅಂದ ಮಾತ್ರಕ್ಕೆ ಒಳಗೆ ಟೊಳ್ಳು ಕಣ ಇವೆ ಅಂತಲೂ ಅಲ್ಲ. ಸೋಡಿಯಂ ಸಿಲಿಕೇಟಿನ ದ್ರಾವಣವೂ ತಿಳಿಯಾಗೇ ಇರುತ್ತದೆ. ಕಾಕಾನ ಬಾಟಲಿ ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಫೇಲಾಗಿತ್ತು.

ಅನುಮಾನ ಇದ್ದರೆ ಸುರಪುರ ತಾಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಭೀಮರಾಯನಗುಡಿ ಕೃಷಿ ಮಹಾವಿದ್ಯಾಲಯಕ್ಕೋ ಬಾಟಲಿ ಸಮೇತ ಹೋಗಿ ಕೇಳಿ. ಹೊಡೆಯುವ ಮುಂಚೆ ಹೋಗಿ.

ಕಾಕಾನ ಗದ್ದೆ ಹದಿನೈದು ದಿನದಲ್ಲಿ ಸುಧಾರಿಸಿಕೊಂಡಿತು, ಹೊಸ ಎಲೆ ಹಸಿರಾಗೇ ಬಂತು. ಬೆಂಕಿ ರೋಗ ಮಾತ್ರ ಆಚೀಚೆ ಗದ್ದೆಯವರಿಗೆ ಬಂದಷ್ಟೇ ಅವರಿಗೂ ಬಂತು. 3600 ರೂಪಾಯಿ ಉದ್ರಿ ಸುಗ್ಗಿಯಲ್ಲಿ ತೀರಿಸಿದರು. ಈ ಸಲ ಹೊಟ್ಟಿನ ಗುಡ್ಡೆಗೆ ಬೆಂಕಿ ಇಟ್ಟ ದಿನ ಫೋನ್ ಮಾಡಿ, "ತಮ್ಮಾ, ಹೊಗಿ ಹೊಂಟದ, ಉರಿ ಕಾಣಸ್ತಾ ಇಲ್ಲ, ಸರಿ ಅದ ಇಲ್ಲ?" ಅಂತ ಕೇಳಿದರು. ಸರಿ ಅದ ಕಾಕಾ, ಹಂಗೇ ಬಿಡ್ರಿ ಅಂದೆ.